ಬಾಗಿಲು ತೆರೆದವರ ಪುಸ್ತಕಗಳು

ಬೇಸಿಗೆ ರಜೆ ಹತ್ತಿರವಾಯಿತೆಂದರೆ ಮನೆಮನೆಯಲ್ಲೂ ಒಂದೇ ಮಾತು: ಈ ಸಲ ಎಲ್ಲಿಗೆ? ಕೆಲವರು ಟಿಕೆಟ್ ಕಾಯ್ದಿರಿಸಿ ಚೀಲ ತುಂಬುತ್ತಾರೆ. ಇನ್ನು ಕೆಲವರಿಗೆ ಹೊರಡಲು ಆಗುವುದಿಲ್ಲ. ಮನೆಯಲ್ಲಿ ಹಾಸಿಗೆ ಹಿಡಿದ ಹಿರಿಯರಿರುತ್ತಾರೆ, ಮಕ್ಕಳ ಶುಲ್ಕ ಕಟ್ಟುವ ತಿಂಗಳಾಗಿರುತ್ತದೆ, ಕೊಟ್ಟಿಗೆಯಲ್ಲಿ ಕರೆಯುವ ಹಸುವಿರುತ್ತದೆ. ಹೊರಟವರಿಗೂ ಉಳಿದವರಿಗೂ ಸಮನಾಗಿ ಒದಗುವುದು ಪ್ರವಾಸಕಥನ. ಆದರೆ ಅಂಗಡಿಯಲ್ಲಿ ಅಂಥ ಪುಸ್ತಕಗಳ ಸಾಲು ಉದ್ದವಾಗಿದೆ. ಎಲ್ಲಿಯ ಗೋಪುರ ಹೇಗಿದೆ, ಯಾವ ಜಲಪಾತ ಎಷ್ಟು ಎತ್ತರ ಎಂಬುದನ್ನು ಕೈಯಲ್ಲಿರುವ ಫೋನೇ ಕ್ಷಣದಲ್ಲಿ ತೋರಿಸುತ್ತದೆ. ಹಾಗಿರುವಾಗ ಇನ್ನೂರು ಮುನ್ನೂರು ಪುಟ ಕುಳಿತು ಓದಬೇಕಾದ ಪುಸ್ತಕ ಯಾವುದು?

ನನ್ನ ಮಟ್ಟಿಗೆ ಅದಕ್ಕೊಂದು ಸುಲಭವಾದ ಪರೀಕ್ಷೆ ಇದೆ. ಪುಸ್ತಕದ ನಡುವಿನ ಹತ್ತು ಪುಟ ತಿರುವಿ, ಪ್ರವಾಸಿಗೆ ಬಾಗಿಲು ತೆರೆದವರು ಯಾರಾದರೂ ಅಲ್ಲಿ ಕಾಣುತ್ತಾರೆಯೇ ಎಂದು ನೋಡಬೇಕು. ಯಾರೂ ಒಂಟಿಯಾಗಿ ಲೋಕ ಸುತ್ತಿಲ್ಲ. ನೀರು ಕೊಟ್ಟವರು, ಜಗಲಿಯಲ್ಲಿ ಚಾಪೆ ಹಾಸಿದವರು, ಹೊಳೆ ದಾಟಿಸಿದವರು, ಹುಚ್ಚು ಪ್ರಶ್ನೆಗಳಿಗೆ ತಾಳ್ಮೆಯಿಂದ ಉತ್ತರಿಸಿದವರು ದಾರಿಯುದ್ದಕ್ಕೂ ಇರುತ್ತಾರೆ. ಒಳ್ಳೆಯ ಲೇಖಕ ಅವರನ್ನು ಮರೆಯುವುದಿಲ್ಲ. ಅವರನ್ನು ನೆನೆದು ಬರೆದ ಪುಸ್ತಕ ನೂರಾರು ವರ್ಷ ಕಳೆದರೂ ಹಳತಾಗುವುದಿಲ್ಲ. ನೋಡಿದ ಕೋಟೆ ಬಿದ್ದುಹೋಗಿರಬಹುದು, ರಾಜ್ಯ ಅಳಿದಿರಬಹುದು. ಅನ್ನವಿಟ್ಟ ಮನೆಯ ಸಂಗತಿ ಮಾತ್ರ ಈಗಲೂ ನಮ್ಮ ಪಕ್ಕದ ಬೀದಿಯಲ್ಲಿ ನಡೆದಂತೆ ಓದಿಸಿಕೊಳ್ಳುತ್ತದೆ.

ನಮ್ಮ ನೆಲದಿಂದಲೇ ಶುರುಮಾಡೋಣ. 1623ರಲ್ಲಿ ರೋಮಿನ ಪಿಯೆತ್ರೊ ದೆಲ್ಲಾ ವಾಲೆ ಎಂಬ ಯಾತ್ರಿಕ, ಗೋವೆಯಿಂದ ಕೆಳದಿಯ ವೆಂಕಟಪ್ಪ ನಾಯಕನ ಬಳಿಗೆ ಹೊರಟಿದ್ದ ಪೋರ್ಚುಗೀಸ್ ರಾಯಭಾರಿಗಳ ಜೊತೆ ಸೇರಿಕೊಂಡು ಹೊನ್ನಾವರಕ್ಕೆ ಬಂದ. ಅಲ್ಲಿಂದ ಗೇರುಸೊಪ್ಪೆಯ ಘಟ್ಟ ಹತ್ತಿ ಇಕ್ಕೇರಿಗೆ ಹೋದ. ಕಂಡದ್ದನ್ನೆಲ್ಲ ನೇಪಲ್ಸಿನಲ್ಲಿದ್ದ ವೈದ್ಯಮಿತ್ರನಿಗೆ ಪತ್ರಗಳಲ್ಲಿ ಬರೆದ. ಆ ದಾರಿಯಲ್ಲಿ ಒಂದು ದಿನ ಹೊರೆಗಳನ್ನು ಕಟ್ಟುವುದು ತಡವಾಗಿ ಅವನು ದೇವಸ್ಥಾನದ ಮೊಗಸಾಲೆಯಲ್ಲಿ ಕಾಯುತ್ತಿದ್ದಾಗ ನಾಲ್ಕು ಹುಡುಗರು ಲೆಕ್ಕ ಕಲಿಯುತ್ತಿದ್ದದ್ದು ಕಣ್ಣಿಗೆ ಬಿತ್ತು. ನೆಲದ ಮೇಲೆ ನಯವಾದ ಮರಳು ಹರಡಿಕೊಂಡಿದ್ದರು. ಪಾಠವನ್ನು ಎಲ್ಲರೂ ಒಂದೇ ರಾಗದಲ್ಲಿ ಹಾಡುತ್ತಿದ್ದರು, ಹಾಡುತ್ತ ಬೆರಳಿನಿಂದ ಮರಳಿನಲ್ಲಿ ಅಂಕಿ ಬರೆಯುತ್ತಿದ್ದರು. ನೆಲ ತುಂಬಿದಾಗ ಅಳಿಸಿ, ಮತ್ತೆ ಮರಳು ಹರಡಿ ಮುಂದುವರಿಸುತ್ತಿದ್ದರು. ಹತ್ತಿರದಲ್ಲಿ ಗುರುಗಳು ಯಾರೂ ಇರಲಿಲ್ಲ. ಮರೆತರೆ, ತಪ್ಪಿದರೆ ತಿದ್ದುವವರು ಯಾರು ಎಂದು ಅವನು ಕೇಳಿದ. ನಾವು ನಾಲ್ವರೂ ಒಂದೇ ಜಾಗದಲ್ಲಿ ಮರೆಯುವುದು ಸಾಧ್ಯವಿಲ್ಲವಲ್ಲ, ಅದಕ್ಕೇ ಕೂಡಿ ಕಲಿಯುತ್ತೇವೆ ಎಂಬ ಅರ್ಥದ ಉತ್ತರ ಬಂತು. ಆ ಹುಡುಗರ ಹೆಸರು ಯಾರಿಗೂ ಗೊತ್ತಿಲ್ಲ. ಆದರೆ ಮಲೆನಾಡಿನ ಮಕ್ಕಳು ನಾಲ್ಕು ಶತಮಾನಗಳ ಹಿಂದೆ ಹೇಗೆ ಕಲಿಯುತ್ತಿದ್ದರೆಂದು ಇಂದು ನಮಗೆ ತಿಳಿದಿರುವುದು ಅವರು ಪರದೇಶಿಯ ಪ್ರಶ್ನೆಗೆ ಓಡಿಹೋಗದೆ ಉತ್ತರ ಕೊಟ್ಟದ್ದರಿಂದ. ಅದೇ ಪ್ರವಾಸದಲ್ಲಿ ದೆಲ್ಲಾ ವಾಲೆ ಉಳ್ಳಾಲದ ರಾಣಿಯನ್ನೂ ಕಂಡ. ಆಕೆ ಬರಿಗಾಲಿನಲ್ಲಿ, ಓಲೆಗರಿಯ ಕೊಡೆಯ ನೆರಳಿನಲ್ಲಿ, ತೋಡು ಅಗೆಯುವ ಕೆಲಸ ನೋಡಲು ಹೊರಟಿದ್ದಳು. ದಾರಿಯಲ್ಲೇ ನಿಂತು ಈ ಅಪರಿಚಿತನನ್ನು ವಿಚಾರಿಸಿದಳು.

ಅವನಿಗಿಂತ ಸುಮಾರು ಒಂದೂವರೆ ಶತಮಾನ ಮೊದಲು ರಷ್ಯದ ತ್ವೇರ್ ಊರಿನ ವ್ಯಾಪಾರಿ ಅಫನಾಸಿ ನಿಕಿತಿನ್ ಬಹಮನಿಗಳ ಬೀದರಿಗೆ ಬಂದಿದ್ದ. ಕುದುರೆ ಮಾರಿ ಲಾಭ ಮಾಡಲು ಬಂದವನು ಅವನು. ಬೀದರಿನಲ್ಲಿ ಅನೇಕ ಹಿಂದೂ ಮನೆಗಳ ಪರಿಚಯವಾಯಿತು. ತಾನು ಯಾರು, ತನ್ನ ಧರ್ಮ ಯಾವುದು ಎಂದು ಅವನು ಮುಚ್ಚುಮರೆ ಇಲ್ಲದೆ ತಿಳಿಸಿದ ಮೇಲೆ ಆ ಮನೆಯವರೂ ತಮ್ಮ ಊಟ, ವ್ಯಾಪಾರ, ಪೂಜೆ ಯಾವುದನ್ನೂ ಅವನಿಂದ ಮರೆಮಾಡಲಿಲ್ಲವಂತೆ. ನಿಕಿತಿನ್ ತನ್ನ ಊರು ತಲುಪುವ ಮೊದಲೇ ದಾರಿಯಲ್ಲಿ ತೀರಿಕೊಂಡ. ಉಳಿದದ್ದು ಅವನ ಟಿಪ್ಪಣಿ ಮಾತ್ರ. ‘ಮೂರು ಸಮುದ್ರಗಳಾಚೆಯ ಪಯಣ’ ಎಂದು ಪ್ರಸಿದ್ಧವಾದ ಆ ಬರಹ ಇಂದಿಗೂ ರಷ್ಯನ್ನರಿಗೆ ಅಚ್ಚುಮೆಚ್ಚು. ಮುಂದೆ 1800ರಲ್ಲಿ ಫ್ರಾನ್ಸಿಸ್ ಬುಕಾನನ್ ಮದರಾಸಿನಿಂದ ಹೊರಟು ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳನ್ನು ಸುತ್ತಿ ಬರೆದ ಮೂರು ಸಂಪುಟಗಳು 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾದವು. ಹೊಸದಾಗಿ ಗೆದ್ದ ನಾಡಿನ ಲೆಕ್ಕ ತೆಗೆಯಲು ಕಂಪನಿ ಸರ್ಕಾರ ಅವನನ್ನು ಕಳಿಸಿತ್ತು, ನಿಜ. ಆದರೆ ರಾಗಿ ಬಿತ್ತುವ ಬಗೆ, ಭತ್ತದ ತಳಿಗಳು, ಉಳುಮೆಯ ಸಾಲು, ನೇಯ್ಗೆಯ ಕ್ರಮ ಎಲ್ಲವನ್ನೂ ಹೇಳಿಕೊಟ್ಟವರು ನಮ್ಮ ರೈತರು, ನೇಕಾರರು, ಶಾನುಭೋಗರು. ಇಂಥ ಪರದೇಶಿ ಯಾತ್ರಿಕರ ಬರಹಗಳನ್ನು ಎಚ್.ಎಲ್. ನಾಗೇಗೌಡರು ‘ಪ್ರವಾಸಿ ಕಂಡ ಇಂಡಿಯಾ’ ಎಂಬ ಸಂಪುಟಗಳಲ್ಲಿ ಕನ್ನಡಕ್ಕೆ ತಂದಿದ್ದಾರೆ. ಊರಿನ ಗ್ರಂಥಾಲಯದಲ್ಲಿ ಅವು ಇದ್ದರೆ ಮೊದಲು ಅವನ್ನೇ ಎತ್ತಿಕೊಳ್ಳಬಹುದು. ನಮ್ಮ ಜಿಲ್ಲೆಯ ಹೆಸರು ಬಂದ ಕಡೆಯಿಂದ ಓದತೊಡಗಿದರೆ ಮಕ್ಕಳೂ ಪಕ್ಕಕ್ಕೆ ಬಂದು ಕೂರುತ್ತಾರೆ.

ಹೊರಗಿನ ಪುಸ್ತಕಗಳಲ್ಲಿ ನನಗೆ ತುಂಬ ಪ್ರಿಯವಾದದ್ದು ಜಪಾನಿನ ಕವಿ ಬಾಶೋನ ಪುಟ್ಟ ಪ್ರವಾಸಕಥನ, ‘ಒಕು ನೊ ಹೊಸೊಮಿಚಿ’. 1689ರ ವಸಂತದಲ್ಲಿ ಅವನು ಶಿಷ್ಯ ಸೋರಾನನ್ನು ಕರೆದುಕೊಂಡು ಎದೊ ನಗರದಿಂದ ಉತ್ತರದ ದುರ್ಗಮ ನಾಡುಗಳಿಗೆ ನಡೆದು ಹೊರಟ. ನಾಸು ಎಂಬ ಬಯಲಿನಲ್ಲಿ ದಾರಿಗಳು ಕವಲೊಡೆದು ಎತ್ತ ಹೋಗಬೇಕೆಂದು ತೋಚದಾಯಿತು. ಹುಲ್ಲು ಕೊಯ್ಯುತ್ತಿದ್ದ ಒಬ್ಬ ರೈತನನ್ನು ಕೇಳಿದರು. ಅವನು ಸ್ವಲ್ಪ ಯೋಚಿಸಿದ. ಬಾಯಲ್ಲಿ ಎಷ್ಟು ಹೇಳಿದರೂ ಹೊಸಬರು ಇಲ್ಲಿ ದಾರಿ ತಪ್ಪುವುದು ಖಂಡಿತ ಎಂದುಕೊಂಡು ತನ್ನ ಕುದುರೆಯನ್ನೇ ಕೊಟ್ಟ. ಇದು ಎಲ್ಲಿ ನಿಲ್ಲುತ್ತದೋ ಅಲ್ಲಿಂದ ಹಿಂದಕ್ಕೆ ಅಟ್ಟಿಬಿಡಿ ಎಂದ. ಇಬ್ಬರು ಮಕ್ಕಳು ಕುದುರೆಯ ಹಿಂದೆ ಓಡೋಡಿ ಬಂದರು. ಅವರಲ್ಲಿ ಒಬ್ಬಳು ಪುಟ್ಟ ಹುಡುಗಿ, ಹೆಸರು ಕಸಾನೆ. ಹಳ್ಳಿ ತಲುಪಿದ ಮೇಲೆ ಬಾಶೋ ಬಾಡಿಗೆಯ ಹಣವನ್ನು ಜೀನಿಗೆ ಕಟ್ಟಿ ಕುದುರೆಯನ್ನು ವಾಪಸು ಕಳಿಸಿದ. ಕುದುರೆ ಎಂದರೆ ಒಬ್ಬ ರೈತನ ಪಾಲಿಗೆ ಬದುಕಿನ ಆಧಾರ. ಅದನ್ನು ಗುರುತು ಪರಿಚಯವಿಲ್ಲದ ಇಬ್ಬರ ಕೈಗೆ ಒಪ್ಪಿಸಿದ ಅವನ ವಿಶ್ವಾಸವೂ ಬೆಲೆ ಕಟ್ಟಿ ಕಳಿಸಿದ ಕವಿಯ ಪ್ರಾಮಾಣಿಕತೆಯೂ ಒಂದಕ್ಕೊಂದು ಸಮನಾಗಿ ಕೂಡಿವೆ. ಇಡೀ ಪ್ರಸಂಗ ಒಂದು ಪುಟವನ್ನೂ ತುಂಬುವುದಿಲ್ಲ.

ಅದಕ್ಕಿಂತ ಸಾವಿರ ವರ್ಷ ಹಿಂದೆ ಇನ್ನೊಂದು ಕುದುರೆಯ ಕಥೆ ಇದೆ. ಚೀನಾದ ಭಿಕ್ಷು ಹ್ಯೂಯೆನ್ ತ್ಸಾಂಗ್ ಎಂದರೆ ನಮಗೆ ಇಮ್ಮಡಿ ಪುಲಕೇಶಿಯ ನಾಡನ್ನು ವರ್ಣಿಸಿದವನೆಂದು ಶಾಲೆಯ ಪಾಠದಿಂದಲೇ ಗೊತ್ತು. ಅವನು ಭಾರತಕ್ಕೆ ಬರಲು ಗೋಬಿ ಮರುಭೂಮಿಯ ಅಂಚಿನಲ್ಲಿ ನಿಂತಿದ್ದಾಗ ಒಬ್ಬ ಮುದುಕ ತನ್ನ ಬಡಕಲು ಕೆಂಗುದುರೆಯನ್ನು ಅವನಿಗೆ ಕೊಟ್ಟು ಅವನ ಎಳೆಯ ಕುದುರೆಯನ್ನು ತಾನು ಇಟ್ಟುಕೊಂಡ. ಇದು ಈ ದಾರಿಯಲ್ಲಿ ಹಲವು ಬಾರಿ ಹೋಗಿ ಬಂದದ್ದು ಎಂದು ಹೇಳಿದ. ಮುಂದೆ ಮರಳಿನ ನಡುವೆ ನೀರಿನ ಚೀಲ ಕೈಜಾರಿ ಚೆಲ್ಲಿಹೋಯಿತು. ದಿನಗಟ್ಟಲೆ ಹನಿ ನೀರಿಲ್ಲದೆ ಭಿಕ್ಷು ಸಾವಿನ ಹತ್ತಿರ ಬಂದಾಗ ಆ ಮುದಿ ಕುದುರೆ ತಾನಾಗಿಯೇ ದಾರಿ ಬಿಟ್ಟು ಹೊರಳಿ, ಹುಲ್ಲೂ ನೀರೂ ಇರುವ ಕಡೆಗೆ ಅವನನ್ನು ಒಯ್ದಿತು. ಇದನ್ನು ದಾಖಲಿಸಿದ್ದು ಅವನ ಶಿಷ್ಯ ಬರೆದ ಜೀವನಚರಿತ್ರೆ. ಹ್ಯೂಯೆನ್ ತ್ಸಾಂಗ್ ಸ್ವದೇಶಕ್ಕೆ ಹೊತ್ತೊಯ್ದ ಗ್ರಂಥಗಳು 657. ಆ ವಿದ್ಯೆಯ ಹಿಂದೆ ಮುದುಕನೊಬ್ಬನ ಅನುಭವದ ಮಾತೂ ಸೇರಿದೆ.

ನಮ್ಮ ದೇಶದ ಮಹಾಪಯಣಿಗ ರಾಹುಲ ಸಾಂಕೃತ್ಯಾಯನರನ್ನು ಬಿಡುವಂತೆಯೇ ಇಲ್ಲ. ‘ವೋಲ್ಗಾ ಗಂಗಾ’ ಓದಿದವರಿಗೆ ಅವರು ಪರಿಚಿತರು. 1929ರಲ್ಲಿ, ಭಾರತೀಯರಿಗೆ ಟಿಬೆಟ್ ಪ್ರವೇಶ ನಿಷಿದ್ಧವಾಗಿದ್ದ ಕಾಲದಲ್ಲಿ, ಭಿಕ್ಷುಕನ ವೇಷ ಹಾಕಿ ನೇಪಾಳದ ದಾರಿಯಿಂದ ಅವರು ಲಾಸಾಕ್ಕೆ ನಡೆದರು. ಅಲ್ಲಿನ ಮನೆಗಳ ಬಗ್ಗೆ ಅವರು ಬರೆದದ್ದನ್ನು ಓದಿದರೆ ಮನಸ್ಸು ತಂಪಾಗುತ್ತದೆ. ಗುರುತಿಲ್ಲದ ಪ್ರಯಾಣಿಕನೂ ಮನೆಯೊಳಕ್ಕೆ ಹೋಗಬಹುದಿತ್ತು. ಚಹದ ಸೊಪ್ಪು, ಬೆಣ್ಣೆ, ಉಪ್ಪನ್ನು ಮನೆಯ ಅತ್ತೆಯ ಕೈಗೋ ಸೊಸೆಯ ಕೈಗೋ ಕೊಟ್ಟರೆ ಅವರು ಕಡೆದು ಚಹ ಮಾಡಿ ತಂದುಕೊಡುತ್ತಿದ್ದರು. ಒಂದು ಹಳ್ಳಿಯಲ್ಲಿ ಜೊತೆಗಿದ್ದ ಭಿಕ್ಷುವಿನ ಪರಿಚಯದಿಂದಾಗಿ ಭಿಕ್ಷುಕ ವೇಷದವರಿಗೂ ಒಳ್ಳೆಯ ವಸತಿ ಸಿಕ್ಕಿತು. ಐದು ವರ್ಷದ ಮೇಲೆ ಅದೇ ಹಳ್ಳಿಗೆ ರಾಹುಲರು ಕುದುರೆಯೇರಿ, ಗೌರವಸ್ಥರ ಉಡುಪಿನಲ್ಲಿ ಬಂದರು. ಆಗ ಯಾರೂ ಜಾಗ ಕೊಡಲಿಲ್ಲ. ರಾತ್ರಿ ತಂಗಿದ್ದು ಊರಿನ ಅತ್ಯಂತ ಬಡವನ ಗುಡಿಸಲಿನಲ್ಲಿ. ಅವರು ಇದನ್ನು ದೂರಾಗಿ ಹೇಳುವುದಿಲ್ಲ, ಜನರ ಆ ಹೊತ್ತಿನ ಮನಸ್ಥಿತಿ ಹಾಗಿತ್ತು ಎಂದು ಮುಂದೆ ಸಾಗುತ್ತಾರೆ. ಓದುವ ನಮಗೆ ಮಾತ್ರ ಆ ಗುಡಿಸಲು ಮನಸ್ಸಿನಲ್ಲಿ ನಿಂತುಬಿಡುತ್ತದೆ. ಜಾಗ ಇರುವುದು ಮನೆಯ ಅಳತೆಯಲ್ಲಲ್ಲ ಎಂದು ಉಪದೇಶ ಮಾಡಿದರೆ ಯಾರೂ ಕೇಳಲಾರರು. ರಾಹುಲರ ಪುಟಗಳು ಅದನ್ನು ನಡೆದದ್ದು ನಡೆದಂತೆ ತೋರಿಸುತ್ತವೆ.

ಆತಿಥ್ಯ ಸುಲಭವಲ್ಲ ಎಂಬುದನ್ನೂ ಒಳ್ಳೆಯ ಪುಸ್ತಕ ಮುಚ್ಚಿಡುವುದಿಲ್ಲ. ವಿಲ್‌ಫ್ರೆಡ್ ಥೆಸಿಗರ್ ಎಂಬ ಇಂಗ್ಲಿಷಿನವನು 1946ರಿಂದ ಮುಂದಿನ ವರ್ಷಗಳಲ್ಲಿ ಬೆದು ಎಂಬ ಅಲೆಮಾರಿ ಜನರೊಂದಿಗೆ ಒಂಟೆಯ ಮೇಲೆ ಅರಬಸ್ತಾನದ ರಬ್ ಅಲ್ ಖಾಲಿ ಮರುಭೂಮಿಯನ್ನು ಎರಡು ಸಲ ದಾಟಿದ. 1959ರಲ್ಲಿ ಪ್ರಕಟವಾದ ಅವನ ‘ಅರೇಬಿಯನ್ ಸ್ಯಾಂಡ್ಸ್’ನಲ್ಲಿ ಒಂದು ಪ್ರಸಂಗ ಬರುತ್ತದೆ. ಹಸಿದು ಕಂಗೆಟ್ಟ ತಂಡಕ್ಕೆ ಬಹಳ ದಿನಗಳ ಮೇಲೆ ಒಂದು ಮೊಲ ಸಿಕ್ಕಿತು. ಮಾಂಸ ಬೇಯುವವರೆಗೆ ಎಲ್ಲರೂ ಅದನ್ನೇ ಧ್ಯಾನಿಸುತ್ತ ಕುಳಿತರು. ಇನ್ನೇನು ಬಡಿಸಬೇಕು, ಅಷ್ಟರಲ್ಲಿ ಮರಳಿನಾಚೆಯಿಂದ ಮೂವರು ಬಂದರು. ಬೆದುಗಳು ಎದ್ದು ಸ್ವಾಗತಿಸಿದರು, ಕುಶಲ ಕೇಳಿ ಕಾಫಿ ಕೊಟ್ಟರು. ಆಮೇಲೆ ಮೊಲದ ಮಾಂಸವನ್ನೂ ರೊಟ್ಟಿಯನ್ನೂ ಅವರ ಮುಂದಿಟ್ಟು, ದೇವರೇ ನಿಮ್ಮನ್ನು ಕಳಿಸಿದ್ದಾನೆ, ಇಂದು ಶುಭದಿನ ಎಂದರು. ಬಂದವರು ಜೊತೆಗೆ ಕರೆದರೂ ತಾವು ತಿನ್ನಲಿಲ್ಲ. ಥೆಸಿಗರ್ ತಾನೂ ಅದೇ ಉಪಚಾರದ ಮಾತು ಆಡಿದನಂತೆ. ಒಳಗೆ ಮಾತ್ರ ಸಿಟ್ಟು ಕುದಿಯುತ್ತಿತ್ತು ಎಂದು ಬಚ್ಚಿಡದೆ ಬರೆದಿದ್ದಾನೆ. ನಾವೂ ಮನೆವಾರ್ತೆ ಮಾಡುವವರು. ಅಳೆದು ಅಕ್ಕಿ ಹಾಕಿದ ದಿನವೇ ನೆಂಟರು ಬಂದರೆ ಅಡುಗೆಮನೆಯಲ್ಲಿ ಏನಾಗುತ್ತದೆಂದು ನಮಗೆ ಗೊತ್ತು. ಆದರೂ ಎಲೆ ಹಾಕುತ್ತೇವೆ, ನಗುತ್ತ ಬಡಿಸುತ್ತೇವೆ. ಮನಸ್ಸು ಹಿಂದೆ ಉಳಿದರೂ ಕೈ ಮುಂದಾಗುವುದೇ ಸಂಸ್ಕಾರ. ಮನಸ್ಸು ತಿಳಿಯಾಗುವವರೆಗೆ ಅತಿಥಿಯನ್ನು ಹಸಿವಿನಲ್ಲಿರಿಸುವುದು ಯಾವ ಧರ್ಮವೂ ಒಪ್ಪುವ ಮಾತಲ್ಲ.

ಮನೆಯ ಜವಾಬ್ದಾರಿಯಿಂದ ಹೊರಡಲಾಗದೆ ಕುಳಿತವರಿಗೆ ನಾನು ವಿಶೇಷವಾಗಿ ಹೇಳುವ ಹೆಸರು ಡರ್ವ್ಲಾ ಮರ್ಫಿ. ಐರ್ಲೆಂಡಿನ ಲಿಸ್ಮೋರ್ ಎಂಬ ಸಣ್ಣ ಊರಿನವಳು. ಹತ್ತನೆಯ ಹುಟ್ಟುಹಬ್ಬಕ್ಕೆ ಒಂದು ಹಳೆಯ ಸೈಕಲ್ಲೂ ಒಂದು ಭೂಪಟದ ಪುಸ್ತಕವೂ ಉಡುಗೊರೆಯಾಗಿ ಬಂದಾಗಲೇ ಒಂದು ದಿನ ಸೈಕಲ್ಲಿನಲ್ಲಿ ಭಾರತಕ್ಕೆ ಹೋಗುತ್ತೇನೆಂದು ನಿಶ್ಚಯಿಸಿದಳು. ಆದರೆ ತಾಯಿಗೆ ನಡೆಯಲಾಗದ ಕಾಯಿಲೆ. ಹದಿನಾಲ್ಕರಲ್ಲಿ ಶಾಲೆ ಬಿಟ್ಟು ತಾಯಿಯ ಆರೈಕೆಗೆ ನಿಂತಳು. ಆ ಸೇವೆ ಮುಗಿಯುವ ಹೊತ್ತಿಗೆ ಮೂವತ್ತು ದಾಟಿತ್ತು. 1963ರ ಜನವರಿಯಲ್ಲಿ, ಯುರೋಪು ಹಿಮದಲ್ಲಿ ಹೂತುಹೋಗಿದ್ದ ಚಳಿಗಾಲದಲ್ಲಿ, ಸೈಕಲ್ ಹತ್ತಿ ಇರಾನ್, ಅಫ್ಘಾನಿಸ್ತಾನ, ಪಾಕಿಸ್ತಾನಗಳ ಮೂಲಕ ದೆಹಲಿಗೆ ಬಂದಳು. ಆ ಕಥೆ ‘ಫುಲ್ ಟಿಲ್ಟ್’. ಅಫ್ಘಾನ್ ಹಳ್ಳಿಗಳ ಬಡ ಮನೆಗಳು ಒಂಟಿ ಹೆಣ್ಣೊಬ್ಬಳಿಗೆ ಕೊಟ್ಟ ಆದರ ಅದರಲ್ಲಿ ಮತ್ತೆ ಮತ್ತೆ ಬರುತ್ತದೆ. ಹತ್ತು ವರ್ಷದ ನಂತರ ಐದರ ಪ್ರಾಯದ ಮಗಳನ್ನು ಕರೆದುಕೊಂಡು ನಮ್ಮ ಕೊಡಗಿಗೆ ಬಂದು ವಿರಾಜಪೇಟೆಯ ಬಳಿ ಒಂದು ಹಳ್ಳಿಯಲ್ಲಿ ಮನೆ ಹೂಡಿದಳು. 1976ರಲ್ಲಿ ‘ಆನ್ ಎ ಶೂಸ್ಟ್ರಿಂಗ್ ಟು ಕೂರ್ಗ್’ ಬರೆದಳು. ಮನೆಯವರ ಸೇವೆಯಲ್ಲಿ ಕಳೆದ ವರ್ಷಗಳು ಪ್ರವಾಸಕ್ಕೆ ನಷ್ಟವಾಗುವುದಿಲ್ಲ ಎಂಬುದಕ್ಕೆ ಈಕೆಯ ಬದುಕೇ ಸಾಕ್ಷಿ. ರೋಗಿಯ ಪಕ್ಕ ಕುಳಿತು ಕಲಿತ ತಾಳ್ಮೆ ಬೆಟ್ಟದ ದಾರಿಯಲ್ಲೂ ಬೇಕಾಗುತ್ತದೆ.

ಕನ್ನಡದಲ್ಲಿ ಹುಟ್ಟಿದ ಪುಸ್ತಕಗಳಂತೂ ಕೈಗೆಟಕುವಷ್ಟು ಹತ್ತಿರ ಇವೆ. ಶಿವರಾಮ ಕಾರಂತರ ‘ಅಪೂರ್ವ ಪಶ್ಚಿಮ’ ಯುರೋಪನ್ನು ಬೆರಗು, ವಿಮರ್ಶೆ ಎರಡರಿಂದಲೂ ನೋಡುತ್ತದೆ. ಇಳಿವಯಸ್ಸಿನಲ್ಲಿ ದೂರದೇಶ ಕಂಡವರ ಎರಡು ಪುಸ್ತಕಗಳನ್ನು ಜೊತೆಯಾಗಿ ಓದಬೇಕು: ಗೊರೂರರ ‘ಅಮೆರಿಕಾದಲ್ಲಿ ಗೊರೂರು’, ಎ.ಎನ್. ಮೂರ್ತಿರಾಯರ ‘ಅಪರವಯಸ್ಕನ ಅಮೆರಿಕಾ ಯಾತ್ರೆ’. ಮೊದಲನೆಯದಕ್ಕೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಇಂದು ಮಕ್ಕಳ ಮನೆಗೆಂದು ಹೊರದೇಶಕ್ಕೆ ಹೋಗುವ ಎಷ್ಟೋ ತಂದೆತಾಯಿಯರಿಗೆ ಈ ಎರಡೂ ಒಳ್ಳೆಯ ಜೊತೆಗಾರರು. ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ವನ್ನು ಸಸ್ಯಶಾಸ್ತ್ರವೆಂದು ಹೆದರಿ ದೂರವಿಡುವವರಿದ್ದಾರೆ. ಅದು ವಿದ್ಯಾರ್ಥಿಗಳೊಡನೆ ಕಾಡು ಸುತ್ತಿದ ಮೇಷ್ಟರ ಸಂಚಾರಕಥೆ, ಗಿಡದ ಚಿತ್ರಗಳನ್ನು ಅವರೇ ಬರೆದಿದ್ದಾರೆ. ಹದಿನಾರರ ಹುಡುಗ ಹುಡುಗಿಯರ ಕೈಗೆ ಇಡಲು ಇದಕ್ಕಿಂತ ಒಳ್ಳೆಯದು ವಿರಳ. ತೇಜಸ್ವಿಯವರ ‘ಅಲೆಮಾರಿಯ ಅಂಡಮಾನ್ ಮತ್ತು ಮಹಾನದಿ ನೈಲ್’ ಕಡಲನ್ನೂ ನದಿಯನ್ನೂ ಕುತೂಹಲದ ಕಣ್ಣಿಂದ ನೋಡಲು ಕಲಿಸುತ್ತದೆ. ನೇಮಿಚಂದ್ರರ ‘ಪೆರುವಿನ ಪವಿತ್ರ ಕಣಿವೆಯಲ್ಲಿ’ ಇಂಕಾ ಜನರ ನಾಡಿಗೆ ಕರೆದೊಯ್ಯುತ್ತದೆ. ಹೆಣ್ಣುಮಕ್ಕಳು ದೂರದ ಊರಿಗೆ ಹೋಗುವುದು ಹೇಗೆ ಎಂದು ಚಿಂತಿಸುವ ಮನೆಯಲ್ಲಿ ಅದನ್ನು ಎಲ್ಲರೂ ಓದಬೇಕು.

ಇಷ್ಟು ಪುಸ್ತಕಗಳನ್ನು ಓದಿದ ಮೇಲೆ ಒಂದು ವಿಷಯ ಮನದಟ್ಟಾಗುತ್ತದೆ. ಪ್ರವಾಸಕಥನದಲ್ಲಿ ಮನೆಬಿಟ್ಟು ಹೊರಟವರಿಗೆ ಎಷ್ಟು ಪಾತ್ರವಿದೆಯೋ ಮನೆಯಲ್ಲೇ ಇದ್ದವರಿಗೂ ಅಷ್ಟೇ ಇದೆ. ನಾಸು ಬಯಲಿನ ರೈತ ಎಲ್ಲಿಗೂ ಹೋದವನಲ್ಲ. ಘಟ್ಟದ ಮೇಲಿನ ಹುಡುಗರು ಸಮುದ್ರವನ್ನಾದರೂ ನೋಡಿದ್ದರೋ ಇಲ್ಲವೋ. ತಮ್ಮ ಜಾಗದಲ್ಲಿ ನಿಂತೇ ಅವರು ದೂರದವರ ಪಯಣವನ್ನು ಸಾಧ್ಯವಾಗಿಸಿದರು. ನಮ್ಮ ಬೀದಿಗೂ ದಿನವೂ ದೂರದವರು ಬರುತ್ತಾರೆ. ಕಟ್ಟಡ ಕೆಲಸಕ್ಕೆ ಬಿಹಾರದಿಂದ ಬಂದವರು, ಕಾಲೇಜಿಗೆ ಸೇರಲು ಈಶಾನ್ಯದ ಬೆಟ್ಟಗಳಿಂದ ಬಂದ ಮಕ್ಕಳು, ಪಾರ್ಸೆಲ್ ಹಿಡಿದು ಮನೆಯ ಸಂಖ್ಯೆ ಹುಡುಕುವ ಹುಡುಗ, ಆಸ್ಪತ್ರೆಯ ಚೀಟಿ ಹಿಡಿದು ಬಸ್ ನಿಲ್ದಾಣದಲ್ಲಿ ದಿಕ್ಕು ಕಾಣದೆ ನಿಂತ ಹಳ್ಳಿಯ ದಂಪತಿ. ಇವರಲ್ಲಿ ಯಾರೂ ಪುಸ್ತಕ ಬರೆಯದಿರಬಹುದು. ಆದರೆ ಊರಿಗೆ ಹೋಗಿ ನಮ್ಮ ಊರಿನ ಮಾತು ಹೇಳಿಯೇ ಹೇಳುತ್ತಾರೆ. ಬಾಡಿಗೆ ಮನೆ ಕೇಳಿಬಂದವರ ಭಾಷೆ ಬೇರೆಯಾಯಿತೆಂದು ಬಾಗಿಲು ಹಾಕಿಕೊಂಡರೆ ಅದೂ ಅವರ ನೆನಪಿನಲ್ಲಿ ದಾಖಲಾಗುತ್ತದೆ.

ಹಾಗಾಗಿ ಈ ರಜೆಯಲ್ಲಿ ಎರಡು ಸಣ್ಣ ಕೆಲಸ ಮಾಡೋಣ. ಮೊದಲನೆಯದು, ಮೇಲಿನವುಗಳಲ್ಲಿ ಯಾವುದಾದರೂ ಒಂದನ್ನು ತಂದು ರಾತ್ರಿ ಊಟದ ನಂತರ ಮನೆಯವರಿಗೆ ಕೇಳುವಂತೆ ಓದುವುದು. ಪ್ರವಾಸ ಹೋಗುವವರಾದರೆ, ದಾರಿಯಲ್ಲಿ ನೆರವಾದವರ ಹೆಸರನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಂಡು, ಹಿಂತಿರುಗಿದ ಮೇಲೆ ಒಂದು ಫೋನ್ ಮಾಡುವುದು ಇಲ್ಲವೇ ಪತ್ರ ಬರೆಯುವುದು. ಬಾಶೋ ಜೀನಿಗೆ ಹಣ ಕಟ್ಟಿ ಕಳಿಸಿದ್ದು ಇಂಥದೇ ಋಣಸ್ಮರಣೆ. ಎರಡನೆಯದಕ್ಕೆ ಖರ್ಚೇ ಇಲ್ಲ. ಯಾರಾದರೂ ವಿಳಾಸ ಕೇಳಿದರೆ ಕುಳಿತಲ್ಲಿಂದ ಕೈ ಬೀಸಿ ಮುಗಿಸದೆ, ಎದ್ದು ತಿರುವಿನವರೆಗೆ ಹೋಗಿ ತೋರಿಸೋಣ. ನಮಗೆ ಗೊತ್ತಿಲ್ಲದಿದ್ದರೆ ಊಹಿಸಿ ಹೇಳುವುದು ಬೇಡ, ಗೊತ್ತಿರುವವರ ಬಳಿಗೆ ಅವರನ್ನು ಕರೆದೊಯ್ಯೋಣ.